ಮಾರಿದ ಮರಗಳ ನೆರಳು

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಮಾಡುವ ಕೆಲಸ ತಲೆ ಎತ್ತಿ ನೋಡುವುದು. ಬಸ್ಸಿಳಿದು, ತಂಪಾದ ನೆರಳಲ್ಲಿ ನಿಂತು ಮುಖ ಒರೆಸಿಕೊಂಡು, ಇಂಥ ನೆರಳು ಕೊಡುವ ಮರ ಯಾವುದಪ್ಪಾ ಎಂದು ಮೇಲೆ ನೋಡುತ್ತಾರೆ. ಮೇಲೆ ಬರೀ ಆಕಾಶ. ಗಾಬರಿಯಾಗಿ ಬಿಸಿಲಿಗೆ ಸರಿಯುತ್ತಾರೆ, ಮತ್ತೆ ನೆರಳಿಗೆ ಬರುತ್ತಾರೆ, ಮತ್ತೆ ಮೇಲೆ ನೋಡುತ್ತಾರೆ. ಎದುರಿನ ಚಹಾ ಅಂಗಡಿಯವನು ಇದನ್ನು ನೋಡಿ ನೋಡಿ ನಗುವುದನ್ನೇ ಬಿಟ್ಟಿದ್ದಾನೆ. "ಮರ ಮಾರೇವ್ರಿ, ನೆರಳ ಮಾರಿಲ್ಲ. ಕುಂದರ್ರಿ, ಚಾ ತಗೋರಿ" ಎನ್ನುತ್ತಾನೆ.

ನಮ್ಮಲ್ಲಿ ಮರ ಕಡಿದು ಕೊಟ್ಟರೆ ಮರ ಹೋಗುತ್ತದೆ, ನೆರಳು ಉಳಿಯುತ್ತದೆ. ಆ ಮರದ ಕಟ್ಟಿಗೆ ಎಲ್ಲೋ ಒಂದು ಕಡೆ ಬಾಗಿಲಾಗಿಯೋ ಮಂಚವಾಗಿಯೋ ಬಳಕೆಯಲ್ಲಿ ಇರುವವರೆಗೂ ಇಲ್ಲಿ ಅದರ ನೆರಳು ಇರುತ್ತದೆ. ಸೂರ್ಯ ಸರಿದಂತೆ ಸರಿಯುತ್ತದೆ, ಆದರೆ ಗಾಳಿಗೆ ಅಲುಗುವುದಿಲ್ಲ. ಕಸ ಬೀಳಿಸುವುದಿಲ್ಲ, ಕಾಗೆ ಕೂರಿಸಿಕೊಳ್ಳುವುದಿಲ್ಲ. ಮಳೆ ಬಂದರೆ ಮಾತ್ರ ನೀರು ನೇರ ನೆತ್ತಿಗೇ ಸುರಿಯುತ್ತದೆ. ನಮ್ಮ ಕಡೆ ಮಳೆ ಬರುವುದೇ ಅಪರೂಪವಾದ್ದರಿಂದ ಅದನ್ನು ಯಾರೂ ದೊಡ್ಡ ಕುಂದು ಎಂದುಕೊಂಡಿಲ್ಲ. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲಮನೆಯ ಜೊತೆ ನೆರಳೂ ಪಾಲಾಗುತ್ತದೆ. ಮುಂಜಾನೆಯ ನೆರಳು ಬೀಳುವ ಪಡುವಣ ಭಾಗ ಒಬ್ಬನಿಗೆ, ಸಂಜೆಯ ನೆರಳು ಬೀಳುವ ಮೂಡಣ ಭಾಗ ಇನ್ನೊಬ್ಬನಿಗೆ. ನಡುಹಗಲಿನ ನೆರಳಿಗೆ ಇಬ್ಬರೂ ಕೋರ್ಟಿಗೆ ಹೋಗುತ್ತಾರೆ.

ನಮ್ಮ ಸುತ್ತಿನ ಗುಡ್ಡಗಳಲ್ಲಿ ಇದ್ದದ್ದು ಬಾಗೆ ಮರಗಳು. ಗಟ್ಟಿ ಕಟ್ಟಿಗೆ, ಒಳ್ಳೆಯ ಬಣ್ಣ, ಆದರೆ ಗುಣದಲ್ಲಿ ನಂಬಿಕಸ್ಥ ಮರವಲ್ಲ. ಬೇಸಿಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಎಲೆಯನ್ನೆಲ್ಲ ಉದುರಿಸಿ, ಒಣಗಿದ ಕಾಯಿಗಳನ್ನು ಗಲಗಲ ಆಡಿಸುತ್ತ ಬೋಳಾಗಿ ನಿಂತುಬಿಡುತ್ತದೆ. ಅದಕ್ಕೆ ನಮ್ಮ ಹಿರಿಯರು ಒಂದು ಉಪಾಯ ಕಂಡುಕೊಂಡಿದ್ದರು. ನೆರಳು ಉಳಿಯುವುದು ಕಡಿದ ದಿನ ಹೇಗಿತ್ತೋ ಹಾಗೆ. ಮೈತುಂಬ ಎಲೆಯಿದ್ದಾಗ ಕಡಿದರೆ ವರ್ಷವಿಡೀ ಮೈತುಂಬಿದ ನೆರಳು. ಹಾಗಾಗಿ ಎಲೆ ಉದುರಿದ ಮೇಲೆ ಮರಕ್ಕೆ ಕೊಡಲಿ ಹಾಕುವುದು ನಮ್ಮಲ್ಲಿ ಮನೆತನಕ್ಕೆ ಅವಮಾನ. ಜಗಳ ಕೈಮೀರಿದಾಗ ಆಡುವ ಮಾತು ಒಂದಿದೆ, "ನಿಮ್ಮಪ್ಪ ಬೋಳ ನೆರಳ ಬಿಟ್ಟ ಹೋದಾಂವ" ಎಂದು. ಆ ಮಾತು ಬಂದ ಮೇಲೆ ಎರಡು ಮನೆಗಳ ನಡುವೆ ಹೆಣ್ಣುಗಂಡಿನ ಸಂಬಂಧ ನಡೆಯುವುದಿಲ್ಲ.

ಮೊದಲು ನಮ್ಮ ಕಟ್ಟಿಗೆ ಅಕ್ಕಪಕ್ಕದ ಊರುಗಳಿಗೆ ಹೋಗುತ್ತಿತ್ತು. ದಿಮ್ಮಿಗಳನ್ನು ಕೆರೆಯಲ್ಲಿ ವರ್ಷಗಟ್ಟಲೆ ನೆನೆಹಾಕಿ, ಒಣಗಿಸಿ, ಆಮೇಲೆ ಬಾಗಿಲು ತೊಟ್ಟಿಲು ಮಾಡುತ್ತಿದ್ದರು. ಅಂಥ ನೆರಳುಗಳು ಮೂರು ತಲೆಮಾರು ಬಾಳಿದವು. ಆಮೇಲೆ ಕಡಲಾಚೆಯ ಮೂಡಲ ದೇಶದವರು ಬಂದರು. ಅವರದು ಯಂತ್ರಗಳ ದೇಶ. ಅಲ್ಲಿ ಅಂಗಡಿಯ ಬಾಗಿಲು ತಾನಾಗಿ ತೆರೆಯುತ್ತದಂತೆ, ರೈಲು ತಡವಾದರೆ ರೈಲಿನವರೇ ಕ್ಷಮೆ ಕೇಳುತ್ತಾರಂತೆ. ಆದರೆ ಕೂರುವುದಕ್ಕೆ ಅವರಿಗೂ ಕಟ್ಟಿಗೆಯ ಕುರ್ಚಿಯೇ ಬೇಕು. ಊರ ಹೊರಗೆ ಕಟ್ಟಿಗೆ ಪೇರಿಸಿಡುವ ದೊಡ್ಡ ವಖಾರಿ ಕಟ್ಟಿದರು. ನಮ್ಮ ಕಡೆಯಿಂದ ಬಾಗೆಯ ದಿಮ್ಮಿ ಹೋಯಿತು, ಅವರ ಕಡೆಯಿಂದ ಪಂಪು, ಹೊಲಿಗೆ ಯಂತ್ರ, ಸದ್ದಿಲ್ಲದ ಫ್ಯಾನು ಬಂದವು. ಹಡಗು ಕಾಯುತ್ತಿದ್ದುದರಿಂದ ಕೆರೆಯಲ್ಲಿ ನೆನೆಹಾಕುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಗುಡ್ಡಗಳಿಂದ ಒಂದೊಂದೇ ಮರ ಇಳಿದುಹೋಯಿತು. ಕೊನೆಗೆ ಕೆರೆಯೂ ಬತ್ತಿತು. ಆದರೂ ಏನೋ ಕಳೆದುಕೊಂಡೆವು ಎಂದು ಯಾರಿಗೂ ಅನ್ನಿಸಲಿಲ್ಲ. ಗುಡ್ಡದ ಮೇಲೆ ನೆರಳು ಹಾಗೆಯೇ ಇತ್ತು, ದನಗಳು ಅದೇ ಜಾಗದಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು.

ನನ್ನ ಹೆಸರು ಮುದಕಪ್ಪ. ಹುಟ್ಟಿದಾಗಿನಿಂದ ಇದೇ ಹೆಸರು; ಈಚೆಗೆ ವಯಸ್ಸೂ ಹೆಸರಿಗೆ ಒಪ್ಪುವಂತಾಗಿದೆ. ವಖಾರಿ ಶುರುವಾದಾಗ ಅಲ್ಲಿದ್ದ ಮೂಡಲ ದೇಶದ ಬಡಗಿಗಳಿಗೆ ಊಟ ಒಯ್ಯುತ್ತಿದ್ದೆ, ಅವರ ಜೊತೆ ಕೂತು ಕೂತು ಅವರ ಮಾತು ಕಲಿತೆ, ದುಭಾಷಿಯಾದೆ. ಇದು ಜಾಣತನದ ಕೆಲಸವೇನಲ್ಲ. ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ ಹೇಳುವುದು, ನಡುವೆ ಬೈಗುಳ ಬಂದರೆ ಕೆಮ್ಮುವುದು. ಎರಡು ಕಡೆಯ ಮಾತನ್ನೂ ಆಡಿ ಆಡಿ ನನ್ನದು ಅಂತ ಒಂದು ಅಭಿಪ್ರಾಯ ಇಟ್ಟುಕೊಳ್ಳುವ ರೂಢಿ ತಪ್ಪಿಹೋಗಿದೆ.

ನನ್ನ ಅಕ್ಕ ಕಳಕವ್ವನ ವಿಷಯ ಹಾಗಲ್ಲ. ಅವಳಿಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿದೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ನಮ್ಮಪ್ಪ ಬಿಟ್ಟುಹೋದ ಅಂಗಳದಲ್ಲಿ ನೇಕಾರರಿಗೆ ಹಾಸು ಮಾಡಿಕೊಡುವ ಕೆಲಸ ಹಿಡಿದಳು. ಸೀರೆ ನೇಯುವ ಮೊದಲು ಉದ್ದನೆಯ ನೂಲುಗಳನ್ನು ಗೂಟದಿಂದ ಗೂಟಕ್ಕೆ ಬಿಗಿದು, ಗಂಜಿ ಸವರಿ, ನೆರಳಲ್ಲಿ ನಿಧಾನಕ್ಕೆ ಒಣಗಿಸಬೇಕು. ಬಿಸಿಲಿಗೆ ಒಣಗಿದರೆ ಎಳೆಗಳು ಮಗ್ಗಕ್ಕೆ ಹೋಗುವ ಮೊದಲೇ ಪಟಪಟ ಹರಿಯುತ್ತವೆ. ನಮ್ಮ ಅಂಗಳದಲ್ಲಿ ಅಪ್ಪ ಮಾರಿದ ನಾಲ್ಕು ಬಾಗೆ ಮರಗಳ ನೆರಳು ಸಾಲಾಗಿ ಇತ್ತು. ಐದನೆಯ ಮರವನ್ನು ಅಪ್ಪ ಅವಳಿಗೆಂದು ನಿಲ್ಲಿಸಿ ಹೋಗಿದ್ದ. ಊರಲ್ಲಿ ನಿಂತಿದ್ದ ಕೊನೆಯ ಬಾಗೆ ಮರ ಅದೇ. ಅಕ್ಕನಿಗೆ ಆ ಮರದ ಮೇಲೆ ಪ್ರೀತಿಗಿಂತ ಸಿಟ್ಟೇ ಹೆಚ್ಚು. ಹಸಿ ಗಂಜಿಯ ಮೇಲೆ ಎಲೆ ಉದುರಿಸುತ್ತದೆ, ಬೇಸಿಗೆಯಲ್ಲಿ ಕೈಕೊಡುತ್ತದೆ. "ಬಾಕಿ ನಾಕೂ ಎಷ್ಟ ಶಾಣ್ಯಾ ಅದಾವ, ಇದೊಂದ ಇನ್ನೂ ಜೀವ ಹಿಡಕೊಂಡ ಕುಂತೈತಿ" ಎಂದು ಉದುರಿದ ಎಲೆ ಬಾಚಿ ಬಾಚಿ ಹಾಕುತ್ತಿದ್ದಳು.

ನೆರಳಿಗೆ ಮೊದಲು ತೂತು ಬಿದ್ದದ್ದು ಬಸ್ ಸ್ಟ್ಯಾಂಡಿನಲ್ಲಿ. ನಡುಹಗಲು ಬೆಂಚಿನ ಮೇಲೆ ಮಲಗಿದ್ದವನೊಬ್ಬ ಕೆನ್ನೆ ಸುಟ್ಟು ಎದ್ದು ಕೂತ. ದಟ್ಟ ನೆರಳಿನ ನಡುವೆ ತಟ್ಟೆಯಗಲ ಬಿಸಿಲು. ಕಡಲಾಚೆಗೆ ಹೋದ ಒಂದು ಮರ ಒಂದೇ ವಸ್ತುವಾಗುವುದಿಲ್ಲ, ಹತ್ತಾರು ಕುರ್ಚಿ, ಮೇಜು, ಕಪಾಟು ಆಗುತ್ತದೆ. ಒಂದು ಕುರ್ಚಿ ಮುರಿದು ಮೂಲೆಗೆ ಬಿದ್ದರೆ ಇಲ್ಲಿ ಒಂದು ಕೊಂಬೆಯಷ್ಟು ನೆರಳು ಹೋಗುತ್ತದೆ. ಆಮೇಲೆ ಗುಡ್ಡದಲ್ಲಿ, ಶಾಲೆಯ ಮುಂದೆ, ಸಂತೆಯಲ್ಲಿ, ಎಲ್ಲ ಕಡೆ ತೂತು ಬೀಳತೊಡಗಿದವು. ಜನ ಬೀದಿಯಲ್ಲಿ ನಡೆಯುತ್ತ ಹೊಸ ತೂತು ಕಂಡರೆ ನಿಂತು, "ಅಲ್ಲೆ ಯಾವನೋ ಮತ್ತೊಂದ ಕುರ್ಚಿ ಮುರದಾ ನೋಡು" ಎನ್ನುವುದು ರೂಢಿಯಾಯಿತು. ಬಳಸಿ ಬಿಸಾಡುವ ಜನ ಅವರು, ಹಳತಾಗುವ ಮೊದಲೇ ಹೊಸದು ಕೊಳ್ಳುತ್ತಾರೆ ಎಂದು ಊರು ತೀರ್ಮಾನ ಮಾಡಿತು.

ತೂತು ಬಿದ್ದ ಜಾಗದಲ್ಲಿ ಇನ್ನೊಂದು ಕಾಟ. ಬಿಸಿಲು ಬಿದ್ದಲ್ಲಿ ಒಂದು ಕಳೆ ಏಳುತ್ತಿತ್ತು. ಸಣ್ಣ ಸಣ್ಣ ಎಲೆಗಳ, ಎಳೆ ಕಾಂಡದ ಕಳೆ. ಮನೆಯ ಮುಂದೆ ಆ ಕಳೆ ಇದೆಯೆಂದರೆ ಆ ಮನೆಯ ನೆರಳು ಹರಿದಿದೆ ಎಂದು ಊರಿಗೆಲ್ಲ ಸಾರಿದಂತೆ. ಹಾಗಾಗಿ ಹೆಂಗಸರು ಬೆಳಗ್ಗೆ ರಂಗೋಲಿ ಹಾಕುವ ಮೊದಲು ಅದನ್ನು ಕಿತ್ತು, ಮಣ್ಣು ಸವರಿ, ಏನೂ ಆಗದವರಂತೆ ಒಳಗೆ ಹೋಗುತ್ತಿದ್ದರು. ಅಕ್ಕನೂ ಕೀಳುತ್ತಿದ್ದಳು.

ಅವಳ ನಾಲ್ಕು ನೆರಳಲ್ಲೂ ತೂತು ಬಿದ್ದಿದ್ದವು. ಎಲ್ಲಕ್ಕಿಂತ ದೊಡ್ಡದು ಎರಡನೆಯ ನೆರಳಿನಲ್ಲಿ, ಗಂಜಿ ಕಲಸುವ ಕಲ್ಲುಬಾನಿಯ ಪಕ್ಕ. ಹೊತ್ತೇರಿದಂತೆ ಆ ತೂತು ಸರಿಯುತ್ತ ಬಂದು ನಡುಹಗಲಿಗೆ ಬಾನಿಯ ಹತ್ತಿರ ನಿಲ್ಲುತ್ತಿತ್ತು, ಅಷ್ಟು ದೂರದ ಹಾಸೆಲ್ಲ ಹರಿಯುತ್ತಿತ್ತು. ಇಬ್ಬರು ನೇಕಾರರು ಆಗಲೇ ತಮ್ಮ ನೂಲನ್ನು ಪಕ್ಕದ ಊರಿಗೆ ಒಯ್ದಿದ್ದರು. ಅಕ್ಕನ ಮಗಳು ಅನಸವ್ವ ಹರಿದ ಎಳೆಗಳಿಗೆ ಗಂಟು ಹಾಕುತ್ತ ಹಗಲೆಲ್ಲ ಕೂತಿರುತ್ತಿದ್ದಳು. ಆ ಅಂಗಳ ಬಿಟ್ಟರೆ ತಾಯಿ ಮಗಳಿಗೆ ಬೇರೆ ದಾರಿ ಇರಲಿಲ್ಲ.

ಕಾರ್ತಿಕದಲ್ಲಿ ಗುರುಶಾಂತಪ್ಪ ಸಾಹುಕಾರರು ಬಂದರು. ವಖಾರಿಗೆ ಮರ ಹೊಂದಿಸಿಕೊಡುವವರು ಅವರೇ. ಅಂಗಳದ ತೂತುಗಳನ್ನು ತುಳಿಯದೆ ಜಾಗ್ರತೆಯಾಗಿ ದಾಟಿ ಬಂದು ಕಟ್ಟೆಯ ಮೇಲೆ ಕೂತರು.

"ಕಳಕವ್ವಾ, ಎಲೀ ಇನ್ನೂ ಮೈತುಂಬ ಐತಿ. ಇನ್ನೊಂದ ತಿಂಗಳ ಬಿಟ್ಟರ ಉದುರಾಕ ಹತ್ತತೈತಿ. ಈಗ ಕಡಿಸಿದರ ಬ್ಯಾಸಗಿಗೆ ನಿನಗ ಹೊಸಾ ನೆರಳ. ಅಂಗಳದ ಅರ್ಧಕ್ಕ ಸಾಕು."

"ಆ ನೆರಳರ ಎಷ್ಟ ವರ್ಷ ಇರತೈತ್ರಿ ಸಾಹುಕಾರ್ರ? ಇವು ನೋಡ್ರಿ, ಜರಡಿ ಆಗ್ಯಾವ" ಎಂದಳು ಅಕ್ಕ.

"ನಿನ್ನ ಕಾಲಕ್ಕ ಸಾಕಾಗತೈತಿ ಬಿಡು. ನಿನಗೇನ ಇನ್ನ ನೂರ ವರ್ಷ ಬೇಕಾಗೈತೇನು?"

 ಅವರು ಹೋದ ಮೇಲೆ ಅಕ್ಕ ನನಗೆ, "ಮಾತ ಖರೇನ ಐತಿ, ನನ್ನ ಕಾಲಕ್ಕ ಸಾಕು" ಎಂದಳು. ಕಡಿಸುವುದೆಂದೇ ಮನಸ್ಸಿನಲ್ಲಿ ಆಗಿತ್ತು. ನಾನೂ ಸರಿ ಎಂದೆ.

ಅದೇ ವಾರ ವಖಾರಿಗೆ ಮೂಡಲ ದೇಶದಿಂದ ತೊಮೊಯೆ ಎಂಬ ಹೆಂಗಸು ಬಂದಳು. ನಲವತ್ತು ದಾಟಿದ, ಮಾತು ಕಡಿಮೆ ಆಡುವ ಹೆಂಗಸು. ಕಟ್ಟಿಗೆ ಕೊಳ್ಳಲು ಬಂದವಳಲ್ಲ. ಕುರ್ಚಿಗಳು ಬೇಗ ಮುರಿಯುತ್ತವೆಂದು ಅವರ ಕಡೆಯೂ ತಕರಾರು ಎದ್ದಿತ್ತು, ಅದರ ಮೂಲ ನೋಡಲು ಬಂದಿದ್ದಳು. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಕುರ್ಚಿ ತಂದಿದ್ದಳು. ಕುರ್ಚಿಗೆ ಮೂರೇ ಕಾಲು. ಅಡಿಮೇಲು ಮಾಡಿ ತೋರಿಸಿದಳು: ಒಂದು ಚಂದ್ರ, ಕೆಳಗೆ ಮೂರು ಚುಕ್ಕೆ. ನಮ್ಮ ಮನೆಯ ಗುರುತು. ನಮ್ಮಲ್ಲಿ ದಿಮ್ಮಿ ಮಾರುವಾಗ ಮನೆಯ ಗುರುತನ್ನು ಕಬ್ಬಿಣದ ಮುದ್ರೆಯಿಂದ ಹೊಡೆದು ಕಳಿಸುತ್ತಾರೆ. ಅವರು ಅದನ್ನು ಅಳಿಸದೆ, ಆ ಮರದಿಂದ ಮಾಡಿದ ಪ್ರತಿ ವಸ್ತುವಿನ ಅಡಿಯಲ್ಲೂ ಸುಟ್ಟು ಒತ್ತುತ್ತಾರಂತೆ. ನಮ್ಮಪ್ಪನ ಗುರುತನ್ನು ಅಷ್ಟು ದೂರದಿಂದ ಬಂದ ಕುರ್ಚಿಯ ಕೆಳಗೆ ನೋಡಿ ನಾನು ಅದರ ಮೇಲೆ ಬೆರಳಾಡಿಸಿದೆ. 

ಅವಳನ್ನು ಅಕ್ಕನ ಅಂಗಳಕ್ಕೆ ಕರೆದುಕೊಂಡು ಬಂದೆ. ನೆರಳಿನ ಅಂಚಿಗೆ ಬಂದವಳು ನಿಂತು, ಬಗ್ಗಿ, ಬೂಟು ಕಳಚಿ ಬಿಸಿಲಿನಲ್ಲಿಟ್ಟು ಒಳಗೆ ಕಾಲಿಟ್ಟಳು. ಮೇಲೆ ನೋಡಲಿಲ್ಲ. ನಮ್ಮೂರಿಗೆ ಬಂದು ಮೇಲೆ ನೋಡದವರನ್ನು ನಾನು ನೋಡಿದ್ದು ಅದೇ ಮೊದಲು.

"ಯಾರಿಕಿ?" ಎಂದಳು ಅಕ್ಕ.

"ವಖಾರಿಯವರ ಪೈಕಿ. ತೊಮೊಯೆ ಬಾಯಾರು ಅಂತ."

"ಬಾಯಾರಿಗೆ ಹೇಳು, ಕುರ್ಚಿ ಮುರಿಯೂ ಮಂದಿಗೆ ನನ್ನ ಅಂಗಳದಾಗ ಚಾ ಇಲ್ಲ."

ನಾನು ಕೆಮ್ಮಿದೆ. ತೊಮೊಯೆ ಕುರ್ಚಿಯನ್ನು ಕೆಳಗಿಟ್ಟು, ಮುರಿದ ಕಾಲಿನ ತುಂಡನ್ನು ಅಕ್ಕನ ಮುಂದೆ ಹಿಡಿದು ಮೆಲ್ಲಗೆ ತಟ್ಟಿದಳು. ಒಳಗಿಂದ ಹಳದಿ ಹಿಟ್ಟು ಸುರಿಯಿತು. ಅಕ್ಕ ಅದನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಹುಳ ತಿಂದೈತಿ" ಎಂದಳು.

"ಯಾವ ಕಾಲದಲ್ಲಿ ಮರ ಕಡಿಯುತ್ತೀರಿ ಎಂದು ಕೇಳು" ಎಂದಳು ತೊಮೊಯೆ ನನಗೆ. ಕೇಳಿದೆ.

"ಎಲೀ ತುಂಬಿದಾಗ. ಮತ್ಯಾವಾಗ ಕಡೀತಾರ?"

ತೊಮೊಯೆ ನಿಧಾನವಾಗಿ ಹೇಳಿದಳು, ನಾನು ನಿಧಾನವಾಗಿ ತಿರುಗಿಸಿ ಹೇಳಿದೆ. ಎಲೆ ತುಂಬಿದಾಗ ಮರದ ಮೈಯಲ್ಲಿ ಸಿಹಿ ಇರುತ್ತದೆ, ಆ ಸಿಹಿಗೆ ಹುಳ ಬರುತ್ತದೆ. ಬೋಳಾದಾಗ ಕಡಿದರೆ ಹುಳ ಹತ್ತುವುದು ಕಡಿಮೆ. ಬೋಳಾದ ಮೇಲೆ ಕಡಿಯಿರಿ ಎಂದು ಅವರ ಬಡಗಿಗಳು ಎಷ್ಟೋ ಸಲ ಹೇಳಿ ಕಳಿಸಿದ್ದರು. ಸಾಹುಕಾರರು ಪ್ರತಿ ಸಲವೂ ಆಗಲಿ ಎಂದಿದ್ದರು.

ಅಕ್ಕ ಕೈಯಲ್ಲಿದ್ದ ಹಿಟ್ಟನ್ನೇ ನೋಡುತ್ತ ಕೂತಳು. "ಅಜ್ಜನ ಕಾಲಕ್ಕ ಕೆರಿಯಾಗ ನೆನಸ್ತಿದ್ರು. ಅದಕ್ಕ ಹುಳ ಹತ್ತತಿದ್ದಿಲ್ಲ" ಎಂದಳು ಆಮೇಲೆ. "ಈಗ ಕೆರಿ ಎಲ್ಲೈತಿ?" ಕೈ ಕೊಡವಿಕೊಂಡು ಮತ್ತೆ ಕಟುವಾಗಿ, "ಎಲ್ಲಾ ಹುಳದ್ದ ತಪ್ಪೇನು? ಅಕಿ ಮಂದಿ ಬಿಸಾಡೂದಿಲ್ಲಂತೇನು, ಕೇಳು" ಎಂದಳು.

"ಬಿಸಾಡುತ್ತಾರೆ" ಎಂದಳು ತೊಮೊಯೆ. "ರಿಪೇರಿ ಮಾಡುವವರು ಸಿಗುವುದಕ್ಕಿಂತ ಹೊಸ ಕುರ್ಚಿ ಬೇಗ ಸಿಗುತ್ತದೆ. ನಮ್ಮ ಬೀದಿಯಲ್ಲೂ ಇಡುತ್ತಾರೆ, ಬೆಳಗ್ಗೆ ಲಾರಿ ಬಂದು ಒಯ್ಯುತ್ತದೆ. ಆದರೆ ಈ ಕುರ್ಚಿಯ ಯಜಮಾನ ಬಿಸಾಡಿದವನಲ್ಲ. ವಯಸ್ಸಾದ ಮೇಷ್ಟ್ರು. ಸರಿ ಮಾಡಿಕೊಡಿ ಎಂದು ಕೊಟ್ಟಿದ್ದಾರೆ, ಕಾಯುತ್ತಿದ್ದಾರೆ."

ಈ ಮಾತಿನಿಂದ ಅಕ್ಕ ಮೆತ್ತಗಾದಳು. ಅನಸವ್ವನಿಗೆ ಚಹಾಕ್ಕೆ ಇಡಲು ಹೇಳಿ, ಏನೋ ಕೈಗೆ ಕೆಲಸ ಬೇಕಾದವಳಂತೆ ಎದ್ದು ಕಲ್ಲುಬಾನಿಯ ಹತ್ತಿರ ಹೋದಳು. ಬಾನಿಯ ಹಿಂದೆ, ಕಣ್ಣಿಗೆ ಬೀಳದ ಕಡೆ, ಒಂದು ಕಳೆ ಮೊಣಕಾಲೆತ್ತರ ಬೆಳೆದಿತ್ತು. ಅತಿಥಿಯ ಎದುರು ಮಾನ ಹೋಯಿತೆಂದು ಅಕ್ಕ ಗಬಕ್ಕನೆ ಅದರ ಬುಡಕ್ಕೆ ಕೈಹಾಕಿದಳು. ತೊಮೊಯೆ ಓಡಿಬಂದು ಅವಳ ಮುಂಗೈ ಹಿಡಿದುಕೊಂಡಳು.  ನಿಂತಿದ್ದ ಐದನೆಯ ಮರದ ಕೆಳಗೆ ಬಿದ್ದಿದ್ದ ಒಂದು ಎಲೆಯ ಗರಿಯನ್ನು ತಂದು ಕಳೆಯ ಪಕ್ಕಕ್ಕೆ ಹಿಡಿದಳು. ಅದೇ ಎಲೆ, ಅದೇ ಜೋಡಣೆ. ಒಂದು ದೊಡ್ಡದು, ಒಂದು ಚಿಕ್ಕದು.

ನಾವು ಮೂವರೂ ನೋಡುತ್ತ ನಿಂತೆವು. ಊರಿಗೆ ಊರೇ ನಾಚಿಕೊಂಡು ದಿನಾ ಬೆಳಗ್ಗೆ ಕಿತ್ತು ಬಿಸಾಡುತ್ತಿದ್ದುದು ಬಾಗೆಯ ಸಸಿಯನ್ನು. ನಮಗೆ ಗೊತ್ತಾಗಬೇಕಾದರೂ ಹೇಗೆ? ಮಾರಿದ ನೆರಳಿನ ಕೆಳಗೆ ಏನೂ ಹುಟ್ಟುತ್ತಿರಲಿಲ್ಲ. ಅಷ್ಟು ದಟ್ಟ ನೆರಳು, ವರ್ಷವಿಡೀ. ಬಾಗೆಯ ಸಸಿ ಹೇಗಿರುತ್ತದೆ ಎಂದು ನೋಡಿ ನೆನಪಿಟ್ಟವರು ಊರಲ್ಲಿ ಯಾರೂ ಇರಲಿಲ್ಲ.

"ಯವ್ವಾ, ನಾ ಎಷ್ಟ ಕಿತ್ತೇನಿ" ಎಂದಳು ಅನಸವ್ವ, ಚಹಾದ ತಟ್ಟೆ ಹಿಡಿದುಕೊಂಡು.

"ಎಲ್ಲಾರೂ ಕಿತ್ತೇವಿ" ಎಂದಳು ಅಕ್ಕ.

ಮರುದಿನ ಬಡಿಗೇರ ಮೌನೇಶನನ್ನು ಕರೆಸಿ ಕುರ್ಚಿ ಕೊಟ್ಟೆವು. ಮೌನೇಶ ಹುಳ ತಿಂದದ್ದನ್ನು ಕೊರೆದು ತೆಗೆದು, ಹಳೆಯ ತೊಲೆಯ ತುಂಡಿನಿಂದ ಹೊಸ ಕಾಲು ಕೆತ್ತಿ, ಬೇವಿನೆಣ್ಣೆ ಸವರಿ, ಅಂಗಳದಲ್ಲೇ ಕೂತು ಜೋಡಿಸಿದ. ಕೊನೆಯ ಬೆಣೆ ಹೊಡೆದು, ಕುರ್ಚಿಯನ್ನು ನೆಲಕ್ಕೂರಿ, "ಕುಂದರಬೇ ನೋಡೂಣು" ಎಂದ. ಅಕ್ಕ ಕೂತಳು. ಅವಳು ಕೂತ ಆ ಗಳಿಗೆಗೆ ಬಾನಿಯ ಹತ್ತಿರದ ತೂತು ಮುಚ್ಚಿಕೊಂಡಿತು. ಬಿಸಿಲಿದ್ದ ಕಡೆ ತಣ್ಣಗೆ ನೆರಳು ಬಂದು ಕೂತಿತು. ಅನಸವ್ವ ಕಿರುಚಿದಳು. ಮೌನೇಶ ಮೇಲೆ ನೋಡಿದ, ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದವನು. ಹೋದ ನೆರಳು ತಿರುಗಿ ಬಂದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ, ಏಕೆಂದರೆ ಹೋದ ಕುರ್ಚಿಯನ್ನು ಯಾರೂ ತಿರುಗಿ ತಂದಿರಲಿಲ್ಲ.

ಅಂದು ಅಂಗಳದಲ್ಲಿ ಜಾತ್ರೆಯಷ್ಟು ಜನ. ಎಲ್ಲರೂ ಆ ನೆರಳಲ್ಲಿ ಒಮ್ಮೆ ನಿಂತು ಹೋದರು. ಮುರಿದದ್ದನ್ನೆಲ್ಲ ಹಡಗಿನಲ್ಲಿ ತರಿಸಿಬಿಡೋಣ ಎಂದು ಚಹಾ ಅಂಗಡಿಯವನು ಹೇಳಿದ. ತೊಮೊಯೆಗೂ ಸಂತೋಷವಾಗಿತ್ತು, ಆಕೆ ನಕ್ಕದ್ದನ್ನು ನೋಡಿದ್ದು ಆವತ್ತೇ. ಅಕ್ಕ ಆ ಜಾಗದಲ್ಲಿ ಹಾಸು ಬಿಗಿದಳು. ಒಂದು ಎಳೆಯೂ ಹರಿಯಲಿಲ್ಲ. ಪಕ್ಕದ ಊರಿಗೆ ಹೋಗಿದ್ದ ನೇಕಾರರಲ್ಲಿ ಒಬ್ಬ ತನ್ನ ನೂಲು ಹೊತ್ತುಕೊಂಡು ವಾಪಸ್ಸು ಬಂದ.

ಸಸಿಯ ನೆನಪು ಯಾರಿಗೂ ಇರಲಿಲ್ಲ. ಕೆಲವು ದಿನ ಕಳೆದ ಮೇಲೆ ಅಕ್ಕ ನನ್ನನ್ನು ಕರೆಸಿದಳು. ಹೋಗಿ ನೋಡಿದರೆ ಬಾನಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಸಸಿಯ ಎಲೆಗಳು ಬಿಳಿಚಿಕೊಂಡಿದ್ದವು. ಬಾಗೆಯ ಎಲೆ ರಾತ್ರಿ ಮುಚ್ಚಿಕೊಂಡು ಹಗಲು ಬಿಚ್ಚಿಕೊಳ್ಳುತ್ತದೆ. ಇದು ನಡುಹಗಲಲ್ಲೂ ಮುಚ್ಚಿಕೊಂಡು ನಿಂತಿತ್ತು.

"ಕಿತ್ತು ಬಿಸಿಲಿಗೆ ಹಚ್ಚಿಬಿಡು" ಎಂದೆ.

"ಅನಸವ್ವ ನಿನ್ನೆ ಪಕ್ಕದ ಓಣಿಯಿಂದ ಒಂದ ತಂದ ಬಯಲಾಗ ಹಚ್ಚಿದಳು. ಸಂಜೀ ಅನ್ನೂದ್ರಾಗ ಹಪ್ಪಳ ಆತು. ಬಯಲ ನೆಲ ಕಾದ ಹಂಚ ಆಗೈತಿ. ಇದಕ್ಕ ನೆತ್ತಿ ಮ್ಯಾಲ ಬಿಸಲ ಬೇಕು, ಬುಡಕ್ಕ ತಂಪ ಬೇಕು. ಎರಡೂ ಸಿಗೂದು ಹರಕ ನೆರಳಿನ್ಯಾಗ ಅಷ್ಟ. ಇಷ್ಟ ಬೆಳದದ್ದನ್ನ ಕಿತ್ತ ಬ್ಯಾರೆ ತೂತಿಗೆ ಹಚ್ಚಿದರೂ ಬದುಕೂದಿಲ್ಲ."

 ಅವಳು ಮುಂದೆ ಏನು ಹೇಳಬಹುದೆಂದು ನನಗೆ ಹೊಳೆದಿತ್ತು, ಅದನ್ನು ಹೇಳದಿರಲಿ ಎಂದೂ ಇತ್ತು. ಇಡೀ ಹಾಸು ಒಂದೂ ಎಳೆ ಹರಿಯದೆ ಎದುರಿಗೇ ಒಣಗುತ್ತಿತ್ತು.

ಅಕ್ಕ ಎದ್ದು ಸೀರೆ ಕೊಡವಿಕೊಂಡು ಮೌನೇಶನನ್ನು ಕರೆಸಿದಳು.

"ಮೌನೇಶಾ, ಆ ಕಾಲ ತಗಿ."

"ಯಾವ ಕಾಲಬೇ?"

"ಕುರ್ಚೀದು. ನೀ ಹಾಕಿದ್ದು."

"ಯಾಕ, ನನ್ನ ಕೆಲಸ ಕೆಟ್ಟೈತೇನ?"

"ನಿನ್ನ ಕೆಲಸ ಛಲೋ ಐತಿ. ಅದಕ್ಕ ತಗಿ ಅನ್ನಾಕತ್ತೀನಿ."

ಅನಸವ್ವ ಒಳಗಿಂದ ಬಂದಳು. "ಯವ್ವಾ, ತಲಿ ನೆಟ್ಟಗೈತಿಲ್ಲ? ತೂತ ಮತ್ತ ಬಿದ್ದರ ಹಾಸ ಹರೀತೈತಿ. ಬಂದ ನೇಕಾರ ಮತ್ತ ಹೋಗ್ತಾನ."

"ಹೋಗ್ಲಿ. ಸಾಹುಕಾರ್ರು ಹೇಳ್ಯಾರಲ್ಲ, ನನ್ನ ಕಾಲಕ್ಕ ಸಾಕು ಅಂತ. ನನ್ನ ಕಾಲ ಮುಗದ ಮ್ಯಾಲ ನೀ ಎಲ್ಲೆ ಹಾಸ ಹಚ್ಚತಿ? ಕುರ್ಚಿ ಎಷ್ಟ ದಿನ ತಡೀತೈತಿ, ಮತ್ತ ಹುಳ ಬರೂತನಾ? ಆಮ್ಯಾಲ?" ಅಕ್ಕ ಬಾನಿಯ ಕಡೆ ಕೈ ಮಾಡಿದಳು. "ಹರೀಲಿ ಹಾಸು. ಗಂಟ ಹಾಕೂದ ನಿನಗ ಬರ್ತೈತಲ್ಲ."

ಮೌನೇಶ ಬೆಣೆ ಕಿತ್ತ. ಕಾಲು ಕಳಚಿದ ಕೂಡಲೇ ಬಾನಿಯ ಹಿಂದೆ ಬಿಸಿಲು ಬಿದ್ದಿತು. ಅದರ ದಾರಿಯಲ್ಲಿದ್ದ ಹಾಸು ಸ್ವಲ್ಪ ಹೊತ್ತು ತಡೆದು, ಆಮೇಲೆ ಒಂದೊಂದೇ ಎಳೆ ಹರಿಯತೊಡಗಿತು. ಅನಸವ್ವ ಅಳುತ್ತಲೇ ಹೋಗಿ ಗಂಟು ಹಾಕಲು ಕೂತಳು.

ತೊಮೊಯೆ ಹೊರಡುವ ಮುನ್ನ ಕುರ್ಚಿ ಒಯ್ಯಲು ಬಂದಳು. ಮೂರು ಕಾಲಿನ ಕುರ್ಚಿ ಗೋಡೆಗೆ ನೇತುಹಾಕಿತ್ತು. ಅವಳು ಕುರ್ಚಿ ನೋಡಿದಳು, ಬಾನಿ ನೋಡಿದಳು, ಕುರ್ಚಿಯನ್ನು ಅಲ್ಲೇ ಬಿಟ್ಟಳು. ಅಕ್ಕ ಅವಳನ್ನು ನಿಂತ ಮರದ ಹತ್ತಿರ ಕರೆದುಕೊಂಡು ಹೋದಳು. ಎಲೆಗಳು ಹಳದಿಗೆ ತಿರುಗಿ ಉದುರತೊಡಗಿದ್ದವು.

"ಹೇಳು ಮುದಕಾ. ಈ ಮರ ಅವರಿಗೆ ಮಾರತೀನಿ. ಅವರಂದಂಗ ಬೋಳಾದಾಗ ಕಡಿಸ್ಲಿ, ಊರು ಏನರ ಅನ್ಲಿ. ಆದ್ರ ಈ ವರ್ಷ ಅಲ್ಲ. ಆ ಸಸಿ ಈ ಮರದಷ್ಟ ಆದ ಮ್ಯಾಲ."

ಹೇಳಿದೆ. ತೊಮೊಯೆ ಸಸಿಯ ಕಡೆ ತಿರುಗಿ ನೋಡಿದಳು, ಮರವನ್ನು ಬುಡದಿಂದ ತುದಿಯವರೆಗೆ ನೋಡಿದಳು.

"ಅಷ್ಟು ಹೊತ್ತಿಗೆ ನಾನು ಇರುವುದಿಲ್ಲ" ಎಂದಳು.

"ನಾನೂ ಇರೂದಿಲ್ಲ. ಅನಸವ್ವ ಇದ್ದಾಳು, ಇಲ್ಲಂದ್ರ ಅಕಿ ಮಕ್ಕಳು. ಅವರ ಕಡೆ ಯಾರರ ಇರ್ತಾರಿಲ್ಲ?"

"ನಮ್ಮ ಕಂಪನಿಯವರು ನಗುತ್ತಾರೆ."

"ನಮ್ಮೂರವರು ಆಗಲೇ ನಗಾಕತ್ತಾರ ಅಂತ ಹೇಳು."

ನಮ್ಮಲ್ಲಿ ವ್ಯಾಪಾರ ಮುಗಿಯುವುದು ಕೊಳ್ಳುವವನು ಮನೆಯ ಗುರುತಿನ ಪಕ್ಕಕ್ಕೆ ತನ್ನ ಗುರುತು ಹೊಡೆದಾಗ. ಅದು ಕಡಿದು ಬಿದ್ದ ದಿಮ್ಮಿಯ ಮೇಲೆ ಹೊಡೆಯುವಂಥದ್ದು, ನಿಂತ ಮರಕ್ಕೆ ಹೊಡೆದದ್ದು ನಾನು ಕೇಳಿಲ್ಲ. ತೊಮೊಯೆ ವಖಾರಿಯಿಂದ ಮುದ್ರೆ ತರಿಸಿದಳು. ಅಕ್ಕ ಚಂದ್ರ ಮತ್ತು ಮೂರು ಚುಕ್ಕೆ ಹೊಡೆದಳು. ತೊಮೊಯೆ ಅದರ ಪಕ್ಕಕ್ಕೆ ತಮ್ಮದನ್ನು, ತೊಗಟೆ ದಾಟಿ ಒಳಗೆ ನೋಯದಷ್ಟು ಮೆತ್ತಗೆ, ಹೊಡೆದಳು. ಸಾಹುಕಾರರು ದೂರದಲ್ಲಿ ನಿಂತು ನೋಡುತ್ತಿದ್ದರು. "ಮಾರ್‍ಯಾಳಂತ, ಕೊಟ್ಟಿಲ್ಲಂತ. ಕೊಂಡಾರಂತ, ಒಯ್ದಿಲ್ಲಂತ" ಎಂದು ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದರು.

"ಆ ಮೇಷ್ಟ್ರಿಗೆ ಕುರ್ಚಿ ಇಲ್ಲಂಗಾತಲ್ಲ, ಏನ ಮಾಡ್ತಾರ?" ಎಂದು ಅಕ್ಕ ಕೇಳಿದಳು. ಅವರ ಕಡೆಯೂ ಹಳಬರು ನೆಲದ ಮೇಲೆ ಕೂರುವುದುಂಟು, ನಾನು ತಿಳಿಸಿ ಹೇಳುತ್ತೇನೆ ಎಂದಳು ತೊಮೊಯೆ. ಅಕ್ಕ ಒಳಗೆ ಹೋಗಿ ಪೆಟ್ಟಿಗೆಯಿಂದ ತನ್ನ ಮದುವೆಯ ಜಮಖಾನೆ ತೆಗೆದು, ಮಡಚಿ ತಂದು ಕೊಟ್ಟಳು. "ಬರೇ ನೆಲದ ಮ್ಯಾಲ ಬ್ಯಾಡ. ಇದರ ಮ್ಯಾಲ ಕುಂದರ್ರಿ ಅಂತ ಹೇಳ್ರಿ." ತೊಮೊಯೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸೊಂಟ ಬಗ್ಗಿಸಿ ನಮಸ್ಕರಿಸಿದಳು. ನೆರಳಿನ ಅಂಚಿನಲ್ಲಿ ಬೂಟು ಹಾಕಿಕೊಂಡು ಹೋದಳು. ಆಮೇಲೆ ಅವಳು ಬರಲಿಲ್ಲ. ಕಂಪನಿಯವರು ನಕ್ಕರೋ ಇಲ್ಲವೋ ನನಗೆ ತಿಳಿಯದು.

ಆ ಬೇಸಿಗೆ ಕೆಟ್ಟದಾಗಿತ್ತು. ಅಕ್ಕ ಮತ್ತು ಅನಸವ್ವ ಬಿಸಿಲೇರುವ ಮೊದಲೇ ಕೆಲಸ ಮುಗಿಸಬೇಕಾಗಿತ್ತು, ಹಾಗಾಗಿ ಕೆಲಸ ಅರ್ಧವಾಯಿತು. ವಾಪಸ್ಸು ಬಂದ ನೇಕಾರ ಮತ್ತೆ ಹೋದ. ಊರಲ್ಲಿ ಹೊಸ ತೂತುಗಳು ಬಿದ್ದವು. ಕೆಲವರು ಇನ್ನೂ ಸಸಿ ಕೀಳುತ್ತಾರೆ. ಕೆಲವರು ಕೀಳುವುದಿಲ್ಲ, ಆದರೆ ನೆಂಟರು ಬಂದಾಗ ಅದರ ಮೇಲೆ ಬುಟ್ಟಿ ಮುಚ್ಚುತ್ತಾರೆ. ನಮ್ಮ ಐದನೆಯ ಮರ ಎಲೆಯೆಲ್ಲ ಉದುರಿಸಿ, ಕಾಯಿ ಆಡಿಸುತ್ತ, ಎರಡು ಗುರುತು ಹೊತ್ತು ನಿಂತಿತ್ತು. ನೋಡಿದರೆ ಸಿಟ್ಟು ಬರುವಂಥ ಮರ.

ಒಂದು ಮಧ್ಯಾಹ್ನ ಹೋದಾಗ ಅಕ್ಕ ಬಾನಿಯ ಪಕ್ಕ ಕೂತಿದ್ದಳು. ಗಂಜಿ ತೊಳೆದ ನೀರು ಕುಡಿದು ಸಸಿ ಸೊಂಟದೆತ್ತರ ಬೆಳೆದಿತ್ತು. ತೂತಿನ ಬಿಸಿಲು ಅದರ ನೆತ್ತಿಯ ಮೇಲಿತ್ತು. ಅಕ್ಕ ತನ್ನ ಅಂಗೈಯನ್ನು ಕಲ್ಲುಬಾನಿಯ ಅಂಚಿಗೆ ಚಾಚಿ ಹಿಡಿದು ನೋಡುತ್ತಿದ್ದಳು. ನಾಲ್ಕಾರು ಎಲೆಗಳ ನೆರಳು ಅವಳ ಕೈಮೇಲೆ ಬಿದ್ದಿತ್ತು. ಗಾಳಿ ಬಂದಾಗ ಅದು ಅಲುಗಿತು. ಆ ಬೇಸಿಗೆಯಲ್ಲಿ ನಮ್ಮ ಅಂಗಳದಲ್ಲಿ ಅಲುಗಾಡಿದ ಎಲೆಯ ನೆರಳು ಅದೊಂದೇ.

"ಬಾ ಮುದಕಾ, ತಂಪೈತಿ" ಎಂದಳು.

ನಾನು ಪಕ್ಕದಲ್ಲಿ ಕೂತು ಕೈ ಚಾಚಿದೆ. ಇಬ್ಬರ ಕೈಗೆ ಸಾಲುವಷ್ಟು ನೆರಳಿರಲಿಲ್ಲ. ಅಕ್ಕ ತನ್ನ ಕೈ ಬಿಸಿಲಿಗೆ ಸರಿಸಿ ನನಗೆ ಜಾಗ ಬಿಟ್ಟಳು.